ಬಳ್ಳಿಗೆ ಸಿಕ್ಕ ಸೈಕಲ್ಲು

ಹೊನವಾಡದಲ್ಲಿ ಬಸ್ಸಿಳಿದವಳಿಗೆ ಊರಿಗಿಂತ ಮೊದಲು ಎದುರಾದದ್ದು ವಾಸನೆ. ರೋಗ ಬಾರದಂತೆ ಬಳ್ಳಿಗೆ ಹೊಡೆಯುವ, ಮೈಲುತುತ್ತಿಗೆ ಸುಣ್ಣ ಕಲಸಿದ ನೀರಿನ ಒಗರು ವಾಸನೆ, ಅದರ ಬೆನ್ನಿಗೇ ಆಗತಾನೇ ಕತ್ತರಿಸಿದ ಹಸಿ ಬಳ್ಳಿಯದು. ಅಕ್ಟೋಬರ್ ತಿಂಗಳು. ದ್ರಾಕ್ಷಿ ಬೆಳೆಯುವವರೆಲ್ಲ ಈಗ ಬಳ್ಳಿಯ ಕಡ್ಡಿಗಳನ್ನು ಕತ್ತರಿಸುತ್ತಾರೆ. ನಮ್ಮ ಕಡೆ ಅದಕ್ಕೆ ಚಾಟ್ನಿ ಎನ್ನುತ್ತಾರೆ. ನಾನು ಬಂದದ್ದು ನನ್ನ ತಮ್ಮನ ಮೊಮ್ಮಗಳ ಕುಬಸಕ್ಕೆ. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಎತ್ತುವಷ್ಟು ಹೊತ್ತೂ ಹಿತ್ತಲಾಚೆಯ ತೋಟದಿಂದ ಕತ್ತರಿಯ ಸದ್ದು ಬರುತ್ತಲೇ ಇತ್ತು. ಕತ್ತರಿ ಹಿಡಿದವನು ಅವಳ ಗಂಡನೇ. ಅವನು ಊಟಕ್ಕೆ ಬಂದು ಕೂತಾಗ, ಈ ಹೊತ್ತಿನಲ್ಲಿ ಹಸಿ ಬಳ್ಳಿ ಕೊಯ್ಯುತ್ತೀಯಲ್ಲಪ್ಪಾ ಎಂದು ಕೇಳಿಯೇಬಿಟ್ಟೆ. ಅವನಿಗೆ ನನ್ನ ಮಾತಿನ ತಳ ತಿಳಿಯಲಿಲ್ಲ.

"ಅಕ್ಟೋಬರ್ ಅಲ್ಲೇನ್ರಿ ಆಯಿ? ಈಗ ಕೊಯ್ಯಲಿಲ್ಲಂದ್ರ ಇನ್ನ್ಯಾವಾಗ ಕೊಯ್ಯೂದ್ರಿ?" ಎಂದು ಎರಡನೇ ಹೋಳಿಗೆಗೆ ಕೈ ಹಾಕಿದ.

ಯಾರೂ ತಲೆ ಎತ್ತಲಿಲ್ಲ. ಬಡಿಸುತ್ತಿದ್ದ ಅವನ ತಾಯಿ ತುಪ್ಪದ ಗಿಂಡಿ ತರಲು ಒಳಗೆ ಹೋದಳು. ಇದೇ ಮಾತನ್ನು ನನ್ನ ಗಂಡ ಒಮ್ಮೆ ಟಿಕೋಟಾದ ನಮ್ಮ ಮನೆಯಲ್ಲಿ ಆಡಿದಾಗ ಉಣ್ಣುತ್ತಿದ್ದ ತಾಟುಗಳು ಅರ್ಧಕ್ಕೇ ನಿಂತಿದ್ದವು. ನಾನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ವಯಸ್ಸಾದವಳು, ಹಲ್ಲಿಲ್ಲ ಎಂದುಕೊಂಡು ಅವರು ಹಾಲು ತಂದುಕೊಟ್ಟರು.

ಅದು ಎಪ್ಪತ್ತರ ದಶಕ. ನಾನು ವಿಜಯಪುರದವಳು, ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಅರಿವೆ ಅಂಗಡಿಯವರ ಮಗಳು. ಹುಡುಗಿಯಾಗಿದ್ದಾಗಲೇ ತಾಸಿನ ಬಾಡಿಗೆಯ ಸೈಕಲ್ಲು ತಂದು, ಕೋಟೆಗೋಡೆಯ ಮಗ್ಗುಲ ಬಯಲಿನಲ್ಲಿ ದಂಡಿಗೆಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತಿದ್ದೆ. ಮೊಣಕಾಲು ಕೆತ್ತಿಕೊಂಡು ಬಂದಾಗೆಲ್ಲ ನಮ್ಮವ್ವ ಗಂಡುಬೀರಿ ಎಂದು ಬೈಯುತ್ತಿದ್ದಳು. ಗಂಡುಬೀರಿಯೇ ಹೌದು. ಬಾಯಿಯೂ ಗಟ್ಟಿ. ಇಂಥವಳನ್ನು ಟಿಕೋಟಾದ ಒಕ್ಕಲುತನದ ಮನೆಗೆ ಕೊಟ್ಟರೆ ಮೂರು ದಿನಕ್ಕೆ ತಿರುಗಿ ಕಳಿಸುತ್ತಾರೆ ಎಂದು ಓಣಿಯವರು ನಕ್ಕಿದ್ದರು. ಕಳಿಸಲಿಲ್ಲ. ಯಾಕೆಂದರೆ ನನ್ನ ಗಂಡ ಶಿವಪುತ್ರ ನನಗಿಂತ ಒಂದು ಕೈ ಹೆಚ್ಚಿನ ಹುಚ್ಚರು.

ಅವರಿಗೆ ಎರಡೇ ಹುಚ್ಚು. ಒಂದು ದ್ರಾಕ್ಷಿ, ಇನ್ನೊಂದು ಸೈಕಲ್ಲು. ಆಗ ನಮ್ಮ ಸೀಮೆಯಲ್ಲಿ ಜೋಳ, ತೊಗರಿ, ಕುಸುಬೆ ಬಿಟ್ಟು ಬೇರೆ ಬಿತ್ತುವವನನ್ನು ಕಂಡು ಜನ ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಹೊನವಾಡದ ದುಂಡಪ್ಪಕಾಕಾ ಎಂಬ ಹಿರಿಯರೊಬ್ಬರು ಮಹಾರಾಷ್ಟ್ರದ ಬೀಗರ ಮನೆಯಲ್ಲಿ ಕಲಿತುಬಂದು ಬಳ್ಳಿ ಹಚ್ಚಿದ್ದರು. ಅವರ ಹಿಂದೆ ಬಿದ್ದು ಇವರೂ ನೆಡಲು ಕಡ್ಡಿ ತಂದರು. ಟಿಕೋಟಾದಿಂದ ಬಬಲೇಶ್ವರದ ಕಡೆಗೆ ಹೋಗುವಾಗ ಒಂದು ಕಲ್ಲುಮಡ್ಡಿ ಏರಿ ಇಳಿದರೆ ನಮ್ಮ ಬಾವಿಯ ಹೊಲ. ಅಲ್ಲಿ ಕಲ್ಲುಕಂಬ ನೆಟ್ಟು, ತಂತಿ ಎಳೆದು, ತಲೆಯೆತ್ತರದ ಚಪ್ಪರಕ್ಕೆ ಬಳ್ಳಿ ಹಬ್ಬಿಸಿದರು. ನಾನು ಮದುವೆಯಾಗಿ ಬಂದಾಗ ಬಳ್ಳಿಗೂ ನನಗೂ ಆ ಮನೆಯಲ್ಲಿ ಹೆಚ್ಚು ಕಡಿಮೆ ಒಂದೇ ವಯಸ್ಸು.

ಆ ಮಡ್ಡಿಯ ದಾರಿಯನ್ನು ದಾರಿ ಎನ್ನುವುದು ಅದಕ್ಕೆ ಕೊಟ್ಟ ಮರ್ಯಾದೆ. ಕೆಂಪು ಗರಸು, ನಡುವೆ ಎದ್ದ ಬಂಡೆ, ಮಗ್ಗುಲಿಗೆ ಜಾಲಿ ಮುಳ್ಳು, ಆಚೆ ಒಂದು ಹಳ್ಳ. ಜನ ಅಲ್ಲಿ ಎತ್ತಿನ ಬಂಡಿ ಹೊಡೆಯಲೂ ಹಿಂದೆಮುಂದೆ ನೋಡುತ್ತಿದ್ದರು. ಇವರು ಸೈಕಲ್ಲಿನಲ್ಲೇ ಏರುತ್ತಿದ್ದರು. ಗಂಟೆ, ಕ್ಯಾರಿಯರ್ ಹೊರತು ಮಡ್‌ಗಾರ್ಡು ಮೊದಲಾದ ಸಾಮಾನು ಎಲ್ಲ ಬಿಚ್ಚಿಟ್ಟ ಸೈಕಲ್ಲು. ಮುಂದಿನ ಬ್ರೇಕು ಎಂದೋ ಹೋಗಿತ್ತು. ಇಳಿಜಾರಿನಲ್ಲಿ ಚಪ್ಪಲಿಯ ಹಿಮ್ಮಡಿಯನ್ನು ಹಿಂದಿನ ಗಾಲಿಗೆ ಒತ್ತುವುದೇ ಬ್ರೇಕು. ಮೊದಲು ನನ್ನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದರು. ಊರು ದಾಟುವವರೆಗೆ ಸೊಸೆ ಹಿಂದೆ ನಡೆಯಬೇಕು, ಕೊನೆಯ ಮನೆ ದಾಟಿದ ಮೇಲೆ ಏರಬೇಕು, ಅದು ನಮ್ಮಿಬ್ಬರ ಒಪ್ಪಂದ. ಆಮೇಲೆ ಒಂದು ದಿನ ಮಡ್ಡಿಯ ನೆತ್ತಿಯ ಮೇಲೆ ಇಳಿದು ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟರು. ನಾನು ಸೀರೆಗೆ ಕಚ್ಚೆ ಹಾಕಿ ಏರಿದೆ. ಅವರು ಕ್ಯಾರಿಯರ್ ಹಿಡಿದು ಓಡುತ್ತ ಬಂದು ಅರ್ಧ ದಾರಿಯಲ್ಲಿ ಬಿಟ್ಟುಬಿಟ್ಟರು. ಕಲ್ಲು, ಗುಂಡಿ, ಗಾಳಿ, ಕಣ್ಣಿಗೆ ನೀರು. ಹಳ್ಳದ ಉಸುಕಿನಲ್ಲಿ ಗಾಲಿ ಹೂತು ಬಿದ್ದಾಗ ನಾನು ನಗುತ್ತಿದ್ದೆ. ಅಷ್ಟು ನಗುವ ಶಕ್ತಿ ನನ್ನಲ್ಲಿ ಇತ್ತೆಂದು ಈಗ ನನಗೇ ನಂಬಿಕೆ ಬರುವುದಿಲ್ಲ.

ಊರ ಬಾಯಿಗೆ ಯಾರು ಬೀಗ ಹಾಕುತ್ತಾರೆ? ಸುದ್ದಿ ಅತ್ತೆಯ ಕಿವಿಗೆ ಬಿತ್ತು. ಗುರವ್ವ ಎಂದು ಅವರ ಹೆಸರು, ಮಾತು ಕಮ್ಮಿ. ಗಂಡ ತೀರಿದ ಮೇಲೆ ಒಬ್ಬರೇ ಹೊಲ ನೋಡಿಕೊಂಡು ಮಗನನ್ನು ಬೆಳೆಸಿದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಿದ್ದರೆ ಹಲ್ಲು ಉಳಿಸಿಕೊಳ್ಳಲು ಹೇಳಿದರು, ಅಷ್ಟೇ. ಒಳ್ಳೆಯ ಹೆಂಗಸು. ಈ ಬರಹದಲ್ಲಿ ಅವರನ್ನು ಯಾರೂ ಕೆಟ್ಟ ಅತ್ತೆ ಎಂದು ಓದಬಾರದು.

ಚಾಟ್ನಿ ವರ್ಷಕ್ಕೆ ಎರಡು ಸಲ. ಆ ಏಪ್ರಿಲ್ಲಿನಲ್ಲಿ ಬೇಸಿಗೆ ಚಾಟ್ನಿ ಮುಗಿಯಿತು. ಬಳ್ಳಿಗಳ ಕೊಯ್ದ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ತೋಟಕ್ಕೆ ಗಾಳಿ ತಡೆಯಲು ಸುತ್ತ ಗಿಡ ಹಚ್ಚಬೇಕು, ಮಳೆಗಾಲಕ್ಕೆ ಸಸಿ ಸಿಗುತ್ತವೆಯೋ ಕೇಳಿಬರೋಣ ಎಂದು ಇವರು ನನ್ನನ್ನು ಮಮದಾಪುರದ ಅಡವಿಗೆ ಕರೆದುಕೊಂಡು ಹೊರಟರು. ಮೊಬ್ಬಿನಲ್ಲೇ ಎದ್ದು, ಬಬಲೇಶ್ವರ ಹಾಯ್ದು, ಅಲ್ಲಿಂದ ಮುಂದೆ ಅಡವಿಯ ಕಾಲುದಾರಿ ಹಿಡಿದೆವು. ಏರಿನಲ್ಲಿ ಇಳಿದು ನೂಕುವುದು, ಇಳಿಜಾರಿನಲ್ಲಿ ಏರುವುದು. ಒಣಗಿದ ಎಲೆಯ ಮೇಲೆ ಗಾಲಿ ಸರಸರ ಹರಿಯುತ್ತಿತ್ತು, ಬೇವು ಹೂ ಬಿಟ್ಟಿತ್ತು. ಮುಳ್ಳು ಚುಚ್ಚಿ ಗಾಳಿ ಹೋಯಿತು. ಕೆರೆಯ ಏರಿಯ ಮೇಲೆ ಕೂತು, ಟ್ಯೂಬನ್ನು ನೀರಿಗೆ ಅದ್ದಿ ತೂತು ಹುಡುಕಿ ಪ್ಯಾಚು ಹಚ್ಚಿದರು. ರೊಟ್ಟಿ, ಶೇಂಗಾ ಹಿಂಡಿ ತಿಂದೆವು. ದೊಡ್ಡ ತೋಟ ಮಾಡಿ, ಎರಡನೇ ಸೈಕಲ್ಲು ತಂದು, ಕನಮಡಿ ದಾಟಿ ಮಹಾರಾಷ್ಟ್ರದ ತೋಟಗಳನ್ನೆಲ್ಲ ಇಬ್ಬರೂ ನೋಡಿಬರೋಣ ಎಂದರು. ಪ್ಯಾಚು ಒಣಗುವವರೆಗೆ ಅವರು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದರು. ಹೊಟ್ಟೆಯಲ್ಲಿ ಒಂದು ಜೀವ ಆಗಲೇ ಕೂತಿತ್ತು, ನನಗೆ ಗೊತ್ತಿರಲಿಲ್ಲ. ನನ್ನ ಬದುಕಿನಲ್ಲಿ ಒಂದೇ ಒಂದು ದಿನವನ್ನು ತಿರುಗಿ ಕೊಡುತ್ತೇನೆ ಎಂದು ಯಾರಾದರೂ ಬಂದರೆ ಆ ದಿನ ಕೇಳುತ್ತೇನೆ. ಯಾರೂ ಬರುವುದಿಲ್ಲ ಎಂಬುದೂ ಗೊತ್ತು.

ಬಸುರಿಯೆಂದು ತಿಳಿದ ಮೇಲೆ ಸೈಕಲ್ಲು ಬಿಟ್ಟೆ. ಅತ್ತೆ ಮಗನಿಗೂ ಕಟ್ಟಳೆ ಹೇಳಿದರು. ಮನೆಯಲ್ಲಿ ಬಸುರಿ ಇರುವಾಗ ಗಂಡ ಕೂದಲು ತೆಗೆಸಬಾರದು, ಹಾವು ಹೊಡೆಯಬಾರದು, ಹೆಣ ಹೊರಬಾರದು, ಹಸಿ ಗಿಡಕ್ಕೆ ಕಬ್ಬಿಣ ಮುಟ್ಟಿಸಬಾರದು. ತಲೆ ಕಟಿಂಗು ಬೇಡ ಎಂದರೆ ಇವರು ಕೇಳುತ್ತಾರೆಯೇ? ಸಂತೆಯ ದಿನ ತಲೆ ಸಣ್ಣಗೆ ಮಾಡಿಸಿ, ಎಣ್ಣೆ ಹಚ್ಚಿಕೊಂಡು ಗಂಟೆ ಬಾರಿಸುತ್ತ ಬಂದರು. ಅತ್ತೆ ಸಿಟ್ಟಿಗೆದ್ದು ಎರಡು ದಿನ ಮಾತು ಬಿಟ್ಟರು. ನಾವಿಬ್ಬರೂ ಹಿತ್ತಲಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಿದ್ದೇ ನಕ್ಕಿದ್ದು.

ಅಕ್ಟೋಬರ್ ಬಂತು. ಅದು ಹಣ್ಣಿನ ಚಾಟ್ನಿ. ಬಳ್ಳಿ ನೆಟ್ಟ ಮೇಲೆ ಮೊದಲ ಫಸಲು ಹಿಡಿಯುವ ಕಾಲ. ಈ ಹೊತ್ತಿನಲ್ಲಿ ಕಡ್ಡಿ ಕೊಯ್ದರೆ ಚಿಗುರಿನ ಜೊತೆ ಗೊನೆ ಬರುತ್ತದೆ, ಬಿಟ್ಟರೆ ಬರೀ ಎಲೆ. ನನ್ನ ದಿನ ತುಂಬುವುದು ಡಿಸೆಂಬರಿಗೆ. ಹೆರಿಗೆ ಆಗಲಿ, ಆಮೇಲೆ ಕೊಯ್ಯಿ ಎಂದರು ಅತ್ತೆ. ಅಷ್ಟು ತಡಮಾಡಿದರೆ ಹಣ್ಣು ಕೆಂಡದಂಥ ಬಿಸಿಲಿಗೆ, ಅಡ್ಡಮಳೆಗೆ ಸಿಕ್ಕು ಕೊಳೆಯುತ್ತದೆ. ದುಂಡಪ್ಪಕಾಕಾ ಹೊನವಾಡದಿಂದ ಬಂದು ನಾನೇ ಕೊಯ್ದುಕೊಡುತ್ತೇನೆ ಎಂದರು. ಕೈ ಯಾರದಾದರೇನು, ಬಳ್ಳಿ ಈ ಮನೆಯದು, ಬಸುರಿ ಈ ಮನೆಯವಳು ಎಂದು ಅತ್ತೆ ಒಪ್ಪಲಿಲ್ಲ. ಕೂಲಿ ಹೆಣ್ಣುಮಕ್ಕಳೂ ನನ್ನ ಹೊಟ್ಟೆ ನೋಡಿ ಬರಲ್ಲ ಎಂದರು. ಆ ಮಧ್ಯಾಹ್ನ ಊಟಕ್ಕೆ ಕೂತಾಗ ತಾಯಿ ಮಗನ ಮಾತು ಏರಿತು.

"ಅಕ್ಟೋಬರ್ ಬಂತವ್ವಾ. ಈಗ ಕೊಯ್ಯಲಿಲ್ಲಂದ್ರ ಇನ್ನ್ಯಾವಾಗ ಕೊಯ್ಯಲಿ?" ಎಂದರು ಇವರು.

"ಬಳ್ಳಿ ಮುಂದಿನ ವರ್ಷನೂ ಹಣ್ಣ ಬಿಡ್ತೈತಿ" ಎಂದು ಅತ್ತೆ ತಾಟು ಸರಿಸಿ ಎದ್ದರು.

ಇವರು ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು. ಎರಡು ವರ್ಷ ಆ ಮಡ್ಡಿಯ ಮೇಲೆ ನೀರಿನ ಕೊಡ ಕ್ಯಾರಿಯರಿಗೆ ಕಟ್ಟಿ ಸಸಿ ಉಳಿಸಿದ ಮನುಷ್ಯ. ಊರು ನಗುತ್ತಿತ್ತು. ಈ ಸಲ ಗೊನೆ ಬಿಡದಿದ್ದರೆ ಆ ನಗು ಇನ್ನೊಂದು ವರ್ಷ. "ಕೊಯ್ಯಿರಿ" ಎಂದೆ. ಇವತ್ತು ಯಾರಾದರೂ ಕೇಳಿದರೂ ಅದನ್ನೇ ಹೇಳುತ್ತೇನೆ. ಬಳ್ಳಿಗೂ ಬಸುರಿಗೂ ಏನು ಸಂಬಂಧ?

ಇವರು, ದುಂಡಪ್ಪಕಾಕಾ ಇಬ್ಬರೇ ಕೂಡಿ ಇಡೀ ತೋಟ ಕೊಯ್ದರು. ಸಂಜೆ ಮನೆಗೆ ಬಂದಾಗ ಇವರ ಕೈಗೆ ಹಸಿ ಬಳ್ಳಿಯ ವಾಸನೆ, ಅಂಗಿಗೆ ಮೈಲುತುತ್ತಿನ ನೀಲಿ. ಅತ್ತೆ ಅಂಗಿಯನ್ನು ಒಳಗೆ ತರಬೇಡ ಎಂದು ಹಿತ್ತಲಲ್ಲೇ ಬಿಚ್ಚಿಸಿದರು. ಅದಾದ ಎಂಟು ದಿನಕ್ಕೆ ಕುಬಸ ಮುಗಿಸಿ ನನ್ನನ್ನು ತವರಿಗೆ ಕಳಿಸಿದರು.

ತವರಿನಲ್ಲಿ ನನಗೆ ಇದ್ದ ಕೆಲಸ ಒಂದೇ, ರವಿವಾರ ಕಾಯುವುದು. ರವಿವಾರ ಇವರು ಟಿಕೋಟಾದಿಂದ ಸೈಕಲ್ಲು ತುಳಿದುಕೊಂಡು ಬಂದು, ಓಣಿಯ ತಿರುವಿನಿಂದಲೇ ಗಂಟೆ ಬಾರಿಸುತ್ತಿದ್ದರು. ಬಂದು ಕೂತವರೇ ನನ್ನ ಆರೋಗ್ಯ ಕೇಳುವುದು ಒಂದು ಮಾತು, ಉಳಿದದ್ದೆಲ್ಲ ಬಳ್ಳಿಯ ಆರೋಗ್ಯ. ಕಡ್ಡಿಯ ಕಣ್ಣು ಒಡೆದಿದೆ, ಚಿಗುರು ಬಂದಿದೆ, ಚಿಗುರಿಗೆ ಗೊನೆ ಬಂದಿದೆ. ನೀನು ಹೆತ್ತು ಬರುವಾಗ ತೋಟವೂ ಹೆತ್ತಿರುತ್ತದೆ ಎಂದು ನಮ್ಮಪ್ಪನ ಎದುರಿಗೇ ಹೇಳಿ ನನ್ನನ್ನು ನಾಚಿಸಿದ್ದರು.

ಡಿಸೆಂಬರಿನ ಒಂದು ಶನಿವಾರ ನೋವು ಶುರುವಾಯಿತು. ಆಸ್ಪತ್ರೆಗೆ ಒಯ್ದರು. ಹೆಣ್ಣು ಕೂಸು, ಉಸಿರಿಲ್ಲದೇ ಹುಟ್ಟಿತು. ತಲೆತುಂಬ ಕೂದಲು. ಡಾಕ್ಟರಬಾಯಿ ನನ್ನ ಕೈ ಹಿಡಿದುಕೊಂಡು, ಕೆಲವು ಸಲ ಹೀಗಾಗುತ್ತದೆ, ಇದಕ್ಕೆ ಕಾರಣ ಹುಡುಕಬೇಡ, ಸಿಗುವುದಿಲ್ಲ ಎಂದರು. ಸತ್ಯವನ್ನೇ ಹೇಳಿದರು. ಆದರೆ ಕಾರಣ ಇಲ್ಲದ ದುಃಖವನ್ನು ಹೊರುವ ಎದೆ ಎಲ್ಲರಿಗೂ ಇರುವುದಿಲ್ಲ.

ಟಿಕೋಟಾದಲ್ಲಿ ಇವರಿಗೆ ಸುದ್ದಿ ಮುಟ್ಟಿರಲಿಲ್ಲ. ಮರುದಿನ ರವಿವಾರ. ನನ್ನನ್ನು ಮನೆಗೆ ಕರೆತಂದು ಒಳಕೋಣೆಯಲ್ಲಿ ಮಲಗಿಸಿದ್ದರು. ಓಣಿಯ ತಿರುವಿನಿಂದ ಗಂಟೆ ಕೇಳಿಸಿತು. ಟ್ರಿಣ್ ಟ್ರಿಣ್ ಎಂದು ಅದೇ ಹುಡುಗಾಟದ ಗಂಟೆ. ಗುಡಿಗೆ ಹೋಗುವ ಜನ ಸರಿಯಲಿ ಎಂದು ಬಾರಿಸುತ್ತ ಬಾರಿಸುತ್ತ ಬಂದರು. ನಾನು ಹಾಸಿಗೆಯಲ್ಲಿ ಕಿವಿ ಮುಚ್ಚಿಕೊಂಡೆ. ನಮ್ಮಪ್ಪ ಬಾಗಿಲಿಗೆ ಹೋದರು. ಗಂಟೆ ನಿಂತಿತು. ಎಷ್ಟೋ ಹೊತ್ತಿನ ಮೇಲೆ ಇವರು ಒಳಗೆ ಬಂದರು. ಒಂದು ಕೈಯಲ್ಲಿ ಒದ್ದೆ ಅರಿವೆಯ ಗಂಟು. ನನಗೆ ತೋರಿಸಲೆಂದು ಒಂದು ಎಳೆಯ ಗೊನೆ ಕೊಯ್ದು ತಂದಿದ್ದರು. ಜೋಳದ ಕಾಳಿನಷ್ಟು ಹಸಿರು ಕಾಯಿಗಳು. ಅದನ್ನು ಎಲ್ಲಿಡಬೇಕೋ ತಿಳಿಯದೆ ಸುತ್ತ ನೋಡಿದರು, ಕೊನೆಗೆ ಹಿಡಿದುಕೊಂಡೇ ಕೂತರು. ಅತ್ತರೆ ಆಗುತ್ತಿತ್ತು. ಅಳಲಿಲ್ಲ.

ನಮ್ಮಪ್ಪ ಹೇಳಿಕಳಿಸಿದ ಸುದ್ದಿ ಇವರು ಹೊರಟ ಮೇಲೆ ಮನೆಗೆ ಮುಟ್ಟಿ, ಮಧ್ಯಾಹ್ನದ ಬಸ್ಸಿಗೆ ಅತ್ತೆ ಬಂದರು. ಅವರು ಏನಾದರೂ ಅಂದೇ ಅನ್ನುತ್ತಾರೆ ಎಂದುಕೊಂಡಿದ್ದೆ. ಅನ್ನಲಿ, ನಾನೂ ಅನ್ನುತ್ತೇನೆ ಎಂದು ಕಾದಿದ್ದೆ. ಅವರು ನನ್ನ ತಲೆ ಸವರಿದರು. ಆಮೇಲೆ ಮಗನ ಮಗ್ಗುಲಿಗೆ ಹೋಗಿ ನೆಲಕ್ಕೆ ಕೂತರು.

"ಕತ್ತರಿ ಮಾಡಿದ್ದಲ್ಲ ಯಪ್ಪಾ ಇದು" ಎಂದರು. "ನನಗೂ ನಿನ್ನಕಿಂತ ಮೊದಲ ಎರಡ ಹೋದುವು. ಆವಾಗ ನಿಮ್ಮಪ್ಪ ಒಂದ ಹಸಿ ಕಡ್ಡಿ ಸೈತ ಮುರದಿದ್ದಿಲ್ಲ."

ನನಗೆ ಎದ್ದು ಆ ಮುದುಕಿಯ ರಟ್ಟೆ ಹಿಡಿದು ಅಲುಗಿಸಬೇಕು ಎನಿಸಿತು. ಇದನ್ನು ಅಕ್ಟೋಬರಿನಲ್ಲಿ ಹೇಳಿದ್ದರೆ ಏನಾಗುತ್ತಿತ್ತು? ಕಟ್ಟಳೆ ಪಾಲಿಸಿಯೂ ಎರಡು ಕೂಸು ಕಳೆದುಕೊಂಡವಳು ಅದೇ ಕಟ್ಟಳೆಯನ್ನು ಮಗನ ತಲೆಗೆ ಯಾಕೆ ಕಟ್ಟಿದಳು? ಈಗ ನನಗೆ ಅವರ ಆಗಿನ ವಯಸ್ಸು ದಾಟಿದೆ, ಉತ್ತರವೂ ಗೊತ್ತು. ಹೆದರಿಕೆಗೆ ಹಿಡಿದುಕೊಳ್ಳಲು ಏನಾದರೂ ಬೇಕು. ಆದರೆ ಆ ಮಾತು ತಡವಾಗಿ ಬಂತು. ಇವರ ಕಿವಿಗೆ ಬೀಳಲೇ ಇಲ್ಲ.

ಕಟ್ಟಳೆಯನ್ನು ನಂಬಿದವರು ಅತ್ತೆ, ನಕ್ಕವರು ಇವರು. ಅತ್ತೆ ಅದನ್ನು ಬಿಟ್ಟರು, ಇವರು ಹಿಡಿದರು. ಹೀಗೂ ಆಗುತ್ತದೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾನು ಟಿಕೋಟಾಕ್ಕೆ ತಿರುಗಿ ಬಂದಾಗ ಮನೆಯ ಮುಂದೆ ಸೈಕಲ್ಲು ಇರಲಿಲ್ಲ. ಒಮ್ಮೆ ತೋಟಕ್ಕೆ ಹೋದವರು ಅದನ್ನು ಅಲ್ಲೇ ಚಪ್ಪರದ ಕಲ್ಲುಕಂಬಕ್ಕೆ ಆನಿಸಿ ನಡೆದುಕೊಂಡು ಬಂದಿದ್ದರಂತೆ. ಆಮೇಲೆ ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ. ಅಲ್ಲಿಯವರೆಗೆ ಬಳ್ಳಿಗೆ ನೀರು ಹಾಯಿಸಿ ನೋಡಿಕೊಂಡಿದ್ದ ದುಂಡಪ್ಪಕಾಕಾ ಫೆಬ್ರವರಿಯಲ್ಲಿ ಬಂದು ಹಣ್ಣು ಬಿಡಿಸಿ ಪೇಟೆಗೆ ಕಳಿಸಿದರು. ಎಂಥ ಫಸಲು! ತಂತಿ ಜಗ್ಗುತ್ತಿತ್ತು. ನಕ್ಕವರೆಲ್ಲ ಬಂದು ಬಾಯಿ ತೆರೆದು ನೋಡಿ ಹೋದರು. ಕಾಕಾ ಒಂದು ಬುಟ್ಟಿ ನಮ್ಮ ಪಡಸಾಲೆಯಲ್ಲಿ ಇಟ್ಟು ಹೋದರು. ಅದನ್ನು ಯಾರೂ ಮುಟ್ಟಲಿಲ್ಲ. ಹುಳಿ ವಾಸನೆ ಬರುವ ಮೊದಲು ಎತ್ತಿ ಹೊರಗೆ ಹಾಕುವಾಗ ನಾನು ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ. ಸಕ್ಕರೆ. ಅದು ಹುಳಿಯಾಗಿದ್ದರೆ ನಾನು ಆ ತೋಟವನ್ನು ಕ್ಷಮಿಸುತ್ತಿದ್ದೆನೋ ಏನೋ.

ಇವರ ತಲೆಗೂದಲು ಕಿವಿ ಮುಚ್ಚಿತು, ಗಡ್ಡ ಎದೆಗೆ ಬಂತು. ಊರವರು ಶಿವಪುತ್ರ ಹರಕೆ ಹೊತ್ತಿದ್ದಾನೆ ಎಂದುಕೊಂಡರು. ನಾನೂ ಮೊದಲು ದುಃಖಕ್ಕೆ ಬಿಟ್ಟಿದ್ದಾರೆ, ಹೋದೀತು ಎಂದುಕೊಂಡಿದ್ದೆ. ಏಪ್ರಿಲ್ ಬಂತು. ಕತ್ತರಿಯನ್ನು ಎಣ್ಣೆ ಹಾಕಿ ಒರೆಸಿ ಅವರ ಮುಂದೆ ಇಟ್ಟೆ. ಅದು ಸಂಜೆಯವರೆಗೂ ಅಲ್ಲೇ ಇತ್ತು. ದುಂಡಪ್ಪಕಾಕಾ ಮತ್ತೆ ಬಂದರು. ನಾನೇ ಕೊಯ್ಯುತ್ತೇನೆ ಎಂದರು. ಇವರು ಬೇಡ ಎಂದು ಕೈ ಮುಗಿದರು. ಕೈ ಮುಗಿದ ಮನುಷ್ಯನ ಜೊತೆ ಹೇಗೆ ಜಗಳ ಆಡುವುದು? ಕಾಕಾ ಚಹಾ ಕೂಡ ಕುಡಿಯದೆ ಹೋದರು.

ಮಳೆ ಬಂತು. ಆ ವರ್ಷ ಮಳೆ ಚೆನ್ನಾಗಿತ್ತು, ಅದೂ ನಮ್ಮ ಹಣೆಬರಹ. ಶ್ರಾವಣದ ಒಂದು ಮುಂಜಾನೆ ನನಗೆ ತಡೆಯಲಾಗಲಿಲ್ಲ. ಸೈಕಲ್ಲಾದರೂ ಮನೆಗೆ ಬರಲಿ, ಅದೊಂದು ಬಂದರೆ ಮನುಷ್ಯನೂ ಅದರ ಹಿಂದೆ ಬಂದಾನು ಎಂದು ಕತ್ತರಿಯನ್ನು ಸೆರಗಿಗೆ ಕಟ್ಟಿಕೊಂಡು ಮಡ್ಡಿ ಹತ್ತಿದೆ. ತೋಟ ಗುರುತು ಸಿಗಲಿಲ್ಲ. ಕೊಯ್ಯದ ಬಳ್ಳಿಗಳು ಚಪ್ಪರದಿಂದ ಕೆಳಗೆ ಜೋತು, ನೆಲ ಮುಟ್ಟಿ, ಮತ್ತೆ ಮೇಲೆ ಏರಿದ್ದವು. ನಡು ಬಗ್ಗಿಸಿ ಹುಡುಕಿದೆ. ಕಂಬಕ್ಕೆ ಆನಿಸಿದ ಸೈಕಲ್ಲಿನ ಗಾಲಿಯ ಕಡ್ಡಿಕಡ್ಡಿಗೂ ಬಳ್ಳಿ ಹೆಣೆದುಕೊಂಡಿತ್ತು. ಹ್ಯಾಂಡಲ್ಲಿಗೆ ಕುಡಿಗಳು ಸುತ್ತಿದ್ದವು. ಗಂಟೆ ಒತ್ತಿದೆ. ಒಳಗೆ ನೀರು ತುಂಬಿ ಸದ್ದು ಹೊರಡಲಿಲ್ಲ. ಎರಡೂ ಕೈಯಿಂದ ಜಗ್ಗಿದೆ, ಇಡೀ ಚಪ್ಪರ ಅಲುಗಿತು, ಸೈಕಲ್ಲು ಬರಲಿಲ್ಲ. ಸೆರಗಿನಿಂದ ಕತ್ತರಿ ಬಿಚ್ಚಿದೆ.

"ಕಸ್ತೂರಿ, ಬ್ಯಾಡ."

ಅವರು ನನ್ನ ಹಿಂದೆಯೇ ನಡೆದು ಬಂದಿದ್ದರು. ಎಷ್ಟೋ ತಿಂಗಳಲ್ಲಿ ನನ್ನ ಹೆಸರು ಕರೆದದ್ದು ಅದೇ ಮೊದಲು. ನನಗೆ ಸಿಟ್ಟೂ ಅಳುವೂ ಕೂಡಿಯೇ ಬಂತು. ಸೈಕಲ್ಲು ಬೇಕಾದರೆ ಬಳ್ಳಿ ಕೊಯ್ಯಲೇಬೇಕಲ್ಲ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಮನ್ಯಾಗ ಬಸುರಿ ಇದ್ದಾಗ ಹಸಿ ಬಳ್ಳಿ ಕೊಯ್ಯಬಾರದು" ಎಂದರು.

"ಯಾರ್ ಬಸುರಿ ಅದಾರ್ರಿ ಮನ್ಯಾಗ? ನನ್ನ ನೋಡ್ರಿ. ಹೊಟ್ಟಿ ನೋಡ್ರಿ. ಯಾರ್ ಅದಾರ?"

ಅವರು ನೋಡಿದರು. ಆ ಉದ್ದ ಕೂದಲಿನ ನಡುವೆ ಅವರ ಮುಖ ಎಷ್ಟು ಸಣ್ಣದಾಗಿತ್ತು!

"ನನ್ನ ಪಾಲಿಗೆ ಅದು ಇನ್ನೂ ಹುಟ್ಟಿಲ್ಲ" ಎಂದರು. "ನಾ ಈಗ ಸರಿಯಾಗಿ ಕಾಯಾಕತ್ತೇನಿ. ಆವಾಗ ಕಾಯಲಿಲ್ಲ."

ನಾನು ಕತ್ತರಿಯನ್ನು ಮತ್ತೆ ಸೆರಗಿಗೆ ಕಟ್ಟಿಕೊಂಡೆ. ಇಬ್ಬರೂ ಮಡ್ಡಿ ಹತ್ತಿ ಇಳಿದು ಮನೆಗೆ ನಡೆದೆವು. ಆ ದಿನದಿಂದ ಅವರು ಹಾಸಿಗೆಯನ್ನು ಪಡಸಾಲೆಗೆ ಒಯ್ದರು. ಅವರ ಪಾಲಿಗೆ ಮನೆಯಲ್ಲಿ ಒಬ್ಬಳು ಬಸುರಿ ಇರುವಾಗ ಇನ್ನೊಂದು ಕೂಸಿನ ಮಾತು ಹೇಗೆ ಬಂದೀತು?

ನೀರು ಹಾಯಿಸದೆ ಬಳ್ಳಿಗಳು ಎರಡು ಬೇಸಿಗೆಯಲ್ಲಿ ತಾವೇ ಒಣಗಿದವು. ಆಗ ಸೈಕಲ್ಲು ಯಾರೂ ಜಗ್ಗದೆಯೇ ಬಿಡುಗಡೆಯಾಗಿ ನೆಲಕ್ಕೆ ಬಿದ್ದಿತ್ತು. ಗಾಲಿ ತಿರುಗುವಂತಿರಲಿಲ್ಲ. ಅವರು ಮತ್ತೆ ಜೋಳ ಬಿತ್ತಿದರು. ಒಣಗಿ ನಿಂತ ಮೇಲೆಯೇ ಕೊಯ್ದರು. ಹಸಿ ಕಡಲೆಯನ್ನೂ ಕೀಳಲಿಲ್ಲ, ಬೇವಿನ ಕಡ್ಡಿಯನ್ನೂ ಮುರಿಯಲಿಲ್ಲ. ನನ್ನ ಜೊತೆ ಒಂದು ಕೆಟ್ಟ ಮಾತು ಆಡಲಿಲ್ಲ. ಕೆಟ್ಟ ಮಾತಾದರೂ ಆಡಬಾರದಿತ್ತೇ ಎಂದು ನಾನು ಹಂಬಲಿಸಿದ ದಿನಗಳಿವೆ. ಸುತ್ತಲಿನ ಊರುಗಳಲ್ಲೆಲ್ಲ ದ್ರಾಕ್ಷಿ ತೋಟಗಳು ಎದ್ದವು. ಮೊದಲು ಬಳ್ಳಿ ತಂದವರಲ್ಲಿ ಇವರೂ ಒಬ್ಬರೆಂದು ಯಾರಿಗೂ ನೆನಪಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಹಿಮದಂಥ ಬಿಳಿ ಕೂದಲು ನಡುವಿನವರೆಗೆ ಇಳಿದಿತ್ತು. ಮಣ್ಣು ಮಾಡುವ ಮೊದಲು ತಲೆ ಗಡ್ಡ ತೆಗೆಸಿ ಮುಖ ಚಂದ ಮಾಡೋಣ ಎಂದು ಮನೆತನದ ಹಿರಿಯರು ಕ್ಷೌರದವನನ್ನು ಕರೆಸಿದರು. ನಾನು ಅಡ್ಡ ಕೂತೆ. ಬೇಡ, ಅದು ಅವರ ಹರಕೆ ಎಂದೆ. ಹರಕೆ ಯಾರ ಹೆಸರಿನದು, ತೀರಿಸಿಬಿಡೋಣ ಎಂದು ಒಬ್ಬರು ಕೇಳಿದರು. ಆ ಕೂಸಿಗೆ ನಾವು ಹೆಸರೇ ಇಟ್ಟಿರಲಿಲ್ಲ.